ಬರ್ಗರ್‌ನಲ್ಲಿ ಏನಿದೆ? ವದಂತಿ ಎಷ್ಟು, ನಿಜ ಎಷ್ಟು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಶ್ರಾವಕರ ಮನೆಗಳಿಗೆ ಬರ್ಗರ್ ಈಗ ಹೊಸದಲ್ಲ. ಊರಿನ ಬೇಕರಿಯಲ್ಲೂ ಸಿಗುತ್ತದೆ, ಬೆಳಗಾವಿಗೆ ಓದಲು ಹೋದ ಮಕ್ಕಳೂ ತಿನ್ನುತ್ತಾರೆ. ಜೊತೆಗೆ "ಹುಳದ ಮಾಂಸ ಹಾಕುತ್ತಾರೆ", "ಹಂದಿ ಕೊಬ್ಬು ಇದೆ" ಎಂಬ ಸಂದೇಶಗಳೂ ಮೊಬೈಲಿಗೆ ಬರುತ್ತವೆ.

ಹುಳದ ಕಥೆ 1978ರಲ್ಲಿ ಅಮೆರಿಕದಲ್ಲಿ ಹರಡಿದ್ದು, ಸುಳ್ಳು. ಅಲ್ಲಿ ಎರೆಹುಳದ ಬೆಲೆ ಮಾಂಸಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಅಗ್ಗದ ಮಾಲಿಗೆ ದುಬಾರಿ ಮಾಲು ಬೆರೆಸುವ ವ್ಯಾಪಾರಿ ಎಲ್ಲೂ ಇಲ್ಲ.

ಆದರೆ ಎಲ್ಲ ಸಂಶಯವೂ ಸುಳ್ಳಲ್ಲ. ಅಮೆರಿಕದ ಮೆಕ್‌ಡೊನಾಲ್ಡ್ಸ್ ತನ್ನ ಆಲೂಗಡ್ಡೆ ಫ್ರೈಸ್‌ಗೆ ದನದ ಮಾಂಸದ ಸ್ವಾದ ಸೇರಿಸುತ್ತಿದ್ದುದು 2001ರಲ್ಲಿ ಬಯಲಾಯಿತು. ಸಸ್ಯಾಹಾರಿಗಳು ಕೋರ್ಟಿಗೆ ಹೋದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದ ಫ್ರೈಸ್‌ನಲ್ಲಿ ಅಂಥ ಸ್ವಾದವಿಲ್ಲ ಎಂದು ಕಂಪನಿ ಆಗಲೇ ಹೇಳಿತ್ತು. 1996ರಲ್ಲಿ ದೆಹಲಿಯಲ್ಲಿ ಶುರುವಾದಾಗಿನಿಂದ ಇಲ್ಲಿ ದನ, ಹಂದಿ ಮಾಂಸ ಮಾರಿಲ್ಲ. ಸಸ್ಯಾಹಾರದ ಅಡುಗೆ ಜಾಗವೂ ಬೇರೆ.

ಇನ್ನು "631 ಅಂದರೆ ಹಂದಿ ಕೊಬ್ಬು" ಎಂಬ ಮಾತು. 631 ಕೊಬ್ಬಲ್ಲ, ರುಚಿ ಹೆಚ್ಚಿಸುವ ಲವಣ. ಅದನ್ನು ಮಾಂಸ, ಮೀನಿನಿಂದ ತೆಗೆಯಬಹುದು, ಮರಗೆಣಸಿನ ಪಿಷ್ಟವನ್ನು ಹುದುಗಿಸಿಯೂ ಮಾಡಬಹುದು. ಸಂಖ್ಯೆ ನೋಡಿದರೆ ಯಾವುದೆಂದು ತಿಳಿಯದು. ಇದೇ ಉದಾಹರಣೆ ಹಿಡಿದು 2021ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟು, ಎಷ್ಟೇ ಸಣ್ಣ ಪ್ರಮಾಣವಿದ್ದರೂ ಪದಾರ್ಥದ ಮೂಲ ಸಸ್ಯವೋ ಪ್ರಾಣಿಯೋ ತಿಳಿಸಲೇಬೇಕು ಎಂದಿತು. ಹಸಿರು ಗುರುತಿನ ಪೊಟ್ಟಣದಲ್ಲಿ 631 ಇದ್ದರೆ ಅದು ಪ್ರಾಣಿಮೂಲದ್ದಾಗಿರಬಾರದು ಎಂಬುದೇ ಕಾನೂನು.

ನಮ್ಮವರು ಗಮನಿಸಬೇಕಾದ್ದು ಬೇರೆಯೇ ಇದೆ. ಹಸಿರು ಗುರುತು ಸಸ್ಯಾಹಾರದ ಗುರುತು, ಜೈನ ಆಹಾರದ್ದಲ್ಲ. ಆ ನಿಯಮದಲ್ಲಿ ಮೊಟ್ಟೆ ಮಾಂಸಾಹಾರವೇ, ಆದರೆ ಜೇನುತುಪ್ಪಕ್ಕೂ ಅರಗಿಗೂ ವಿನಾಯಿತಿ ಇದೆ. ಅಷ್ಟಮೂಲಗುಣ ಪಾಲಿಸುವವರಿಗೆ ಮದ್ಯ, ಮಾಂಸದಷ್ಟೇ ಮಧುವೂ ತ್ಯಾಜ್ಯ. ಟಿಕ್ಕಿಯಲ್ಲಿ ಆಲೂಗಡ್ಡೆ, ಸಾಸಿನಲ್ಲಿ ಈರುಳ್ಳಿ ಬೆಳ್ಳುಳ್ಳಿ, ಬನ್ನಿನಲ್ಲಿ ಯೀಸ್ಟ್. ಕಂದಮೂಲ ಬಿಟ್ಟವರಿಗೆ, ಅದರಲ್ಲೂ ಚಾತುರ್ಮಾಸದಲ್ಲಿ, ಹಂದಿ ಕೊಬ್ಬಿನ ಸುಳ್ಳು ಸುದ್ದಿಗಿಂತ ಇದು ದೊಡ್ಡ ವಿಷಯ.

ದೊಡ್ಡ ಕಂಪನಿಗಿಂತ ಹೆಚ್ಚು ಕೇಳಬೇಕಾದ್ದು ಊರಿನ ಅಂಗಡಿಯಲ್ಲಿ. ಬಿಡಿ ಬನ್ನಿಗೆ ಪೊಟ್ಟಣವೂ ಇಲ್ಲ, ಗುರುತೂ ಇಲ್ಲ. ಮೇಲೆ ಹೊಳಪು ಬರಲು ಕೆಲವರು ಮೊಟ್ಟೆ ಸವರುತ್ತಾರೆ. ಮಯೋನೀಸ್ ಮೂಲತಃ ಮೊಟ್ಟೆಯದೇ. ಮೊಟ್ಟೆಯಿಲ್ಲದ್ದೂ ಬರುತ್ತದೆ, ಅದರ ಬಾಟಲಿ ಮೇಲೆ ಹಸಿರು ಗುರುತಿರುತ್ತದೆ. ಬಾಟಲಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಹಾಸ್ಟೆಲಿನ ಮಕ್ಕಳಿಗೂ ಇಷ್ಟು ಹೇಳಿಕೊಟ್ಟಿರಿ.