ಸಿ ಡ್ರೈವ್‌ನಲ್ಲೇ ಉಳಿದುಹೋದ ಕಾಗದಗಳು

ನಮ್ಮೂರ ಮನೆಯ ನಡುಮನೆಯಲ್ಲಿ ಒಂದು ಕಬ್ಬಿಣದ ತಂತಿ ನೇತಾಡ್ತಿತ್ತು. ಮೇಲೆ ಕೊಕ್ಕೆ, ಬುಡದಲ್ಲಿ ರಟ್ಟಿನ ಬಿಲ್ಲೆ. ಮನೆಗೆ ಬಂದ ಇನ್‌ಲ್ಯಾಂಡ್ ಲೆಟರು, ಪೋಸ್ಟ್ ಕಾರ್ಡು, ಕಂದಾಯದ ರಸೀದಿ, ಲಗ್ನಪತ್ರಿಕೆ ಎಲ್ಲಾನೂ ಓದಿ ಆದಮೇಲೆ ಅದಕ್ಕೆ ಚುಚ್ಚೋದು. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಯೋ ಮುಂಚೆ ಅಜ್ಜಿ ಮಾಡ್ತಿದ್ದ ಮೊದಲ ಕೆಲಸ ಅಂದ್ರೆ ಆ ತಂತಿಯನ್ನು ಕೊಕ್ಕೆ ಸಮೇತ ತೆಗೆದು ಕೊಟ್ಟಿಗೆಯಲ್ಲಿ ತೂಗುಹಾಕೋದು. ಸುಣ್ಣ ಒಣಗಿದ ಮೇಲೆ ಮತ್ತೆ ಅದೇ ಮೊಳೆಗೆ.

ಬ್ಯಾಕಪ್ ಅಂದ್ರೆ ಇಷ್ಟೇ. ನಮ್ಮಜ್ಜಿಗೆ ಗೊತ್ತಿದ್ದ ಈ ವಿಷಯ ಬಿ.ಇ. ಓದ್ತಿದ್ದ ನನಗೆ ಗೊತ್ತಿರಲಿಲ್ಲ.

2004ರ ಮೇ ತಿಂಗಳು. ರಜೆಗೆ ಊರಿಗೆ ಬಂದಿದ್ದೆ. ತಾಲ್ಲೂಕು ಕೇಂದ್ರದಲ್ಲಿದ್ದ ದೊಡ್ಡಪ್ಪ ಫೋನ್ ಮಾಡಿ, "ಕಂಪ್ಯೂಟರ್ ಆನ್ ಮಾಡಿ ಇಂಟರ್ನೆಟ್ಟಿಗೆ ಹೋದ ತಕ್ಷಣ ಅರವತ್ತು ಸೆಕೆಂಡ್ ಎಣಿಸಿ ಆಫ್ ಆಗ್ತದೆ ಕಣೋ, ಬಂದು ನೋಡು" ಅಂದ್ರು. ದೊಡ್ಡಪ್ಪ ರಿಟೈರ್ಡ್ ಮೇಷ್ಟ್ರು. ಮಗ ಅಮೆರಿಕದಲ್ಲಿ. ಕಂಪ್ಯೂಟರ್ ತಗೊಂಡಿದ್ದೇ ಅವನ ಮೇಲ್ ಓದೋಕೆ.

ಅದು ಸ್ಯಾಸರ್ ಅನ್ನೋ ವರ್ಮ್. ಏಪ್ರಿಲ್ 30ಕ್ಕೆ ಶುರುವಾಗಿ ಕೆಲವೇ ದಿನದಲ್ಲಿ ಜಗತ್ತೆಲ್ಲಾ ಸುತ್ತಿತ್ತು. ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ, ಯಾವ ಫೈಲನ್ನೂ ತೆರೆಯಬೇಕಿರಲಿಲ್ಲ. ಪ್ಯಾಚ್ ಹಾಕದ ವಿಂಡೋಸ್ ಎಕ್ಸ್‌ಪಿ ಅಥವಾ 2000 ಇಂಟರ್ನೆಟ್ಟಿಗೆ ಬಂದರೆ ಸಾಕು, ಒಳಗೆ ನುಗ್ತಿತ್ತು. ಅದಕ್ಕೆ ಬೇಕಾದ ಪ್ಯಾಚನ್ನು ಮೈಕ್ರೋಸಾಫ್ಟ್ ಏಪ್ರಿಲ್ 13ರಂದೇ ಬಿಟ್ಟಿತ್ತು. ಅದನ್ನು ಹಾಕಿ, ವರ್ಮ್ ತೆಗೆಯೋ ಸಣ್ಣ ಟೂಲ್ ಓಡಿಸಿದ್ರೆ ಕೆಲಸ ಮುಗೀತಿತ್ತು. ಆದ್ರೆ ಆಗ ನಮ್ಮ ಹಾಸ್ಟೆಲ್ ಹುಡುಗರಿಗೆ ಗೊತ್ತಿದ್ದದ್ದು ಒಂದೇ ಔಷಧ: ಫಾರ್ಮ್ಯಾಟ್ ಹೊಡಿ.

ಮೈ ಡಾಕ್ಯುಮೆಂಟ್ಸ್, ಫೋಟೋಗಳು, ಹಾಡುಗಳು ಎಲ್ಲಾ ಡಿ ಡ್ರೈವಿಗೆ ಹಾಕಿದೆ. "ಎಲ್ಲಾ ಸೇಫ್ ದೊಡ್ಡಪ್ಪ" ಅಂತ ಹೇಳಿ ಸಿ ಡ್ರೈವ್ ಒರೆಸಿ ಹೊಸ ಎಕ್ಸ್‌ಪಿ ಹಾಕಿದೆ. ಸಂಜೆ ದೊಡ್ಡಪ್ಪ ಔಟ್‌ಲುಕ್ ಎಕ್ಸ್‌ಪ್ರೆಸ್ ತೆಗೆದ್ರು. ಇನ್‌ಬಾಕ್ಸ್‌ನಲ್ಲಿ ಇದ್ದದ್ದು ಒಂದೇ ಮೇಲ್, ಮೈಕ್ರೋಸಾಫ್ಟಿನ ಸ್ವಾಗತ ಪತ್ರ.

ಎಲ್ಲಿ ಹೋದವು? ಇದು ಅರ್ಥ ಆಗ್ಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಮೇಲನ್ನು ಸರ್ವರಿನಿಂದ ಮನೆಯ ಕಂಪ್ಯೂಟರಿಗೆ ತರುವ ಪಿಓಪಿ ಅಂದ್ರೆ ಪೋಸ್ಟ್ ಆಫೀಸ್ ಪ್ರೋಟೋಕಾಲ್ ಹುಟ್ಟಿದ್ದು 1984ರಲ್ಲಿ. ಹೆಸರೇ ಹೇಳೋ ಹಾಗೆ ಸರ್ವರ್ ಅಂದ್ರೆ ಅಂಚೆ ಕಚೇರಿ, ಅಷ್ಟೇ. ಹೋಗ್ಬೇಕು, ನಮ್ಮ ಕಾಗದ ತಗೋಬೇಕು, ಬರಬೇಕು. ತಗೊಂಡ ಮೇಲೆ ಕಾಗದ ಅಂಚೆ ಕಚೇರಿಯಲ್ಲಿ ಇರೋದಿಲ್ಲ. ಡಿಸ್ಕ್ ತುಂಬಾ ದುಬಾರಿಯಾಗಿದ್ದ ಕಾಲಕ್ಕೆ ಅದೇ ಸರಿಯಾದ ಏರ್ಪಾಟು. ಎರಡೇ ವರ್ಷದಲ್ಲಿ, 1986ರಲ್ಲಿ, ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಕ್ರಿಸ್ಪಿನ್ ಐಮ್ಯಾಪ್ ಮಾಡಿದ. ಅದರಲ್ಲಿ ಮೇಲ್ ಸರ್ವರಿನಲ್ಲೇ ಇರುತ್ತೆ, ನಾವು ದೂರದಿಂದ ನೋಡ್ತೀವಿ. ಆದ್ರೆ ಟೆಲಿಫೋನ್ ಬಿಲ್ ಏರುತ್ತಿದ್ದ ಡಯಲ್‌ಅಪ್ ಕಾಲದಲ್ಲಿ ಗೆದ್ದದ್ದು ಪಿಓಪಿಯೇ. ಕನೆಕ್ಟ್ ಮಾಡಿ, ಎಳ್ಕೊಂಡು, ಲೈನ್ ಕಟ್ ಮಾಡಿ, ಆಮೇಲೆ ನಿಧಾನಕ್ಕೆ ಓದೋದು. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ಕ್ಕೆ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಾಗಲೂ ನಾವು ಕಲಿತದ್ದು ಇದೇ ಅಭ್ಯಾಸ.

ಹಾಗೆ ತಂದ ಕಾಗದಗಳನ್ನು ಇಡೋದೆಲ್ಲಿ? 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀವ್ ಡಾರ್ನರ್ ಯೂಡೋರಾ ಅನ್ನೋ ಮೇಲ್ ಪ್ರೋಗ್ರಾಂ ಬರೆದ. ಪೋಸ್ಟ್ ಆಫೀಸಿನಲ್ಲೇ ಬಿಡಾರ ಹೂಡಿದ ಹೆಂಗಸಿನ ಬಗ್ಗೆ ಕಥೆ ಬರೆದಿದ್ದ ಯೂಡೋರಾ ವೆಲ್ಟಿ ಎಂಬ ಲೇಖಕಿಯ ಹೆಸರದು. ಅದರ ಮೇಲ್‌ಬಾಕ್ಸ್ ಸಾದಾ ಟೆಕ್ಸ್ಟ್ ಫೈಲ್. ಫೋಲ್ಡರ್ ಕಾಪಿ ಮಾಡಿದ್ರೆ ಮುಗೀತು, ನಮ್ಮಜ್ಜಿಯ ತಂತಿ ಥರ. ಆದ್ರೆ ವಿಂಡೋಸ್ ಜೊತೆ ಪುಕ್ಕಟೆ ಬರ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಬೇರೆ ದಾರಿ ಹಿಡೀತು. ಪ್ರತಿ ಮೇಲ್ ಫೋಲ್ಡರಿಗೂ ಒಂದು ಡಿಬಿಎಕ್ಸ್ ಫೈಲ್. ಆ ಫೈಲುಗಳು ಕೂತಿದ್ದದ್ದು ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಒಳಗೆ, ಲೋಕಲ್ ಸೆಟ್ಟಿಂಗ್ಸ್ ಒಳಗೆ, ಅಪ್ಲಿಕೇಶನ್ ಡೇಟಾ ಒಳಗೆ, ಐಡೆಂಟಿಟೀಸ್ ಒಳಗೆ, ಬ್ರಾಕೆಟ್ ಹಾಕಿದ ಉದ್ದನೆಯ ನಂಬರಿನ ಫೋಲ್ಡರೊಳಗೆ, ಅದರೊಳಗೂ ಇನ್ನೆರಡು ಬಾಗಿಲು ದಾಟಿ. ದಾರಿಯಲ್ಲಿ ಬರೋ ಲೋಕಲ್ ಸೆಟ್ಟಿಂಗ್ಸ್ ಹಿಡನ್ ಫೋಲ್ಡರ್, ಸುಮ್ಮನೆ ನೋಡಿದ್ರೆ ಕಾಣಿಸಲ್ಲ. ವಿಳಾಸಗಳೆಲ್ಲ ಡಬ್ಲ್ಯುಎಬಿ ಅನ್ನೋ ಇನ್ನೊಂದು ಫೈಲಿನಲ್ಲಿ, ಮತ್ತೊಂದೇ ಜಾಗದಲ್ಲಿ. ಅಂದ್ರೆ ಮೇಲ್ ಕಾಪಿ ಮಾಡಿದವನೂ ಅಡ್ರೆಸ್ ಬುಕ್ ಮರೆತಿರ್ತಿದ್ದ. ನಾನು ಎರಡನ್ನೂ ಮರೆತಿದ್ದೆ.

"ಸರ್ವರಿನಲ್ಲಿ ಒಂದು ಪ್ರತಿ ಬಿಡು" ಅನ್ನೋ ಚೆಕ್‌ಬಾಕ್ಸ್ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲೇ ಇತ್ತು. ತಾನಾಗಿ ಟಿಕ್ ಆಗಿರ್ತಿರಲಿಲ್ಲ. ದೊಡ್ಡಪ್ಪನಿಗೆ ಅದನ್ನು ಹೇಳೋರು ಯಾರು?

ಮೂರು ವರ್ಷದ ಮೇಲ್ ಅವು. ಅಣ್ಣ ಕಳಿಸಿದ್ದಷ್ಟೇ ಅಲ್ಲ. ಸೆಂಟ್ ಐಟಮ್ಸ್‌ನಲ್ಲಿ ದೊಡ್ಡಮ್ಮ ಹೇಳಿ ಬರೆಸಿದ ಕಾಗದಗಳಿದ್ದವು. ಅವರು ಅಡುಗೆಮನೆಯಿಂದ ಕೂಗಿ ಹೇಳೋದು, ದೊಡ್ಡಪ್ಪ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟೋದು. ಹಪ್ಪಳ ಒಣಗಿದ್ದು, ಹಸು ಕರು ಹಾಕಿದ್ದು, "ಸ್ವೆಟರ್ ಹಾಕ್ಕೋ" ಅನ್ನೋದು. ದೊಡ್ಡಮ್ಮ ತೀರಿಹೋಗಿ ಆಗ ಐದು ತಿಂಗಳು. ಅಣ್ಣನ ಹತ್ತಿರ ಇರಬಹುದು ಅಂತ ಫೋನ್ ಮಾಡಿದೆ. ಅವನು ಬಳಸ್ತಿದ್ದದ್ದು ಹಿಂದಿನ ಕಂಪನಿಯ ಮೇಲ್ ಐಡಿ. ಕೆಲಸ ಬಿಟ್ಟ ದಿನವೇ ಅದು ಮುಚ್ಚಿತ್ತು. ರಿಕವರಿ ಸಾಫ್ಟ್‌ವೇರ್ ಹಾಕಿದೆ. ಹಳೇ ಕಾಗದಗಳ ಜಾಗದಲ್ಲಿ ಹೊಸ ಎಕ್ಸ್‌ಪಿ ಕೂತುಬಿಟ್ಟಿತ್ತು.

ದೊಡ್ಡಪ್ಪ ಬೈಯಲಿಲ್ಲ. "ಹೋಗ್ಲಿ ಬಿಡಪ್ಪ, ನಿಂಗೇನು ಗೊತ್ತಿತ್ತು" ಅಂದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು.

ತಮಾಷೆ ನೋಡಿ, ಅದೇ ವರ್ಷ ಏಪ್ರಿಲ್ 1ಕ್ಕೆ ಗೂಗಲ್ ಜಿಮೇಲ್ ಘೋಷಿಸಿತ್ತು. ಹಾಟ್‌ಮೇಲ್ 2 ಎಂಬಿ, ಯಾಹೂ 4 ಎಂಬಿ ಕೊಡ್ತಿದ್ದಾಗ ಇವರು 1 ಜಿಬಿ ಅಂದಿದ್ದಕ್ಕೆ ತುಂಬಾ ಜನ ಏಪ್ರಿಲ್ ಫೂಲ್ ಅಂದುಕೊಂಡ್ರು. ಅಲ್ಲಿಂದ ಕಾಗದಗಳು ಮತ್ತೆ ಅಂಚೆ ಕಚೇರಿಯಲ್ಲೇ ಉಳಿಯೋಕೆ ಶುರುವಾದವು. ಔಟ್‌ಲುಕ್ ಎಕ್ಸ್‌ಪ್ರೆಸ್ ಎಕ್ಸ್‌ಪಿಯ ನಂತರ ಬರಲೇ ಇಲ್ಲ. ಇವತ್ತು ಓಎಸ್ ಬದಲಾಯಿಸಿ ಲಾಗಿನ್ ಆದ್ರೆ ಮೇಲೂ ಕಾಂಟ್ಯಾಕ್ಟ್ಸೂ ತಾವಾಗೇ ಬರ್ತವೆ.

ಹಾಗಂತ ಚಿಂತೆ ಇಲ್ವಾ? 2011ರ ಫೆಬ್ರವರಿ ಕೊನೆಯಲ್ಲಿ ಒಂದು ಸಾಫ್ಟ್‌ವೇರ್ ತಪ್ಪಿನಿಂದ ಜಿಮೇಲ್ ಬಳಕೆದಾರರಲ್ಲಿ ಸುಮಾರು ಶೇ. 0.02ರಷ್ಟು ಜನರ ಮೇಲ್‌ಬಾಕ್ಸ್ ಖಾಲಿಯಾಯ್ತು. ಬೇರೆ ಬೇರೆ ಡೇಟಾ ಸೆಂಟರುಗಳಲ್ಲಿ ಇಟ್ಟಿದ್ದ ಪ್ರತಿಗಳಿಗೂ ಪೆಟ್ಟು ಬಿತ್ತು. ಕೊನೆಗೆ ಕಾಪಾಡಿದ್ದು ಆಫ್‌ಲೈನ್ ಇಟ್ಟಿದ್ದ ಮ್ಯಾಗ್ನೆಟಿಕ್ ಟೇಪು. ಗೂಗಲ್ ಕೂಡ ಒಂದು ಪ್ರತಿಯನ್ನು ಕೊಟ್ಟಿಗೆಯಲ್ಲಿ ತೂಗುಹಾಕಿತ್ತು ಅಂದ್ಕೊಳ್ಳಿ. ಅದೇ ವರ್ಷ ಜೂನ್‌ನಲ್ಲಿ ಅವರೇ ಟೇಕ್‌ಔಟ್ ಅನ್ನೋ ಸೌಲಭ್ಯ ಕೊಟ್ರು. ಮೇಲ್ ಈಗ ಅದರಿಂದ ಎಂಬಾಕ್ಸ್ ಫೈಲಾಗಿ, ಕಾಂಟ್ಯಾಕ್ಟ್ಸ್ ವಿಕಾರ್ಡ್ ಆಗಿ ಸಿಗುತ್ತೆ. ಎರಡೂ ಸಾದಾ ಟೆಕ್ಸ್ಟ್. ನೋಟ್‌ಪ್ಯಾಡ್‌ನಲ್ಲಿ ತೆರೆದ್ರೂ ಓದಬಹುದು.

ನಮ್ಮ ಆಫೀಸಿನಲ್ಲಿ ಆಯುಧಪೂಜೆಗೆ ಮಾನಿಟರಿಗೆ ಕುಂಕುಮ ಹಚ್ಚಿ ಚೆಂಡುಹೂವು ಇಡ್ತಾರೆ. ನಾನು ಅವತ್ತು ಮನೆಗೆ ಬಂದು ಟೇಕ್‌ಔಟ್‌ನಿಂದ ನನ್ನದೂ ಹೆಂಡತಿಯದೂ ದೊಡ್ಡಪ್ಪನದೂ ಮೇಲ್ ಇಳಿಸಿ ಹಾರ್ಡ್ ಡಿಸ್ಕಿಗೆ ಹಾಕ್ತೀನಿ. ಆಮೇಲೆ ಒಂದೆರಡು ತೆರೆದು ನೋಡ್ತೀನಿ, ನಿಜವಾಗ್ಲೂ ಬಂದಿದೆಯಾ ಅಂತ. ದೊಡ್ಡಪ್ಪನ ಫೈಲು ತುಂಬಾ ಸಣ್ಣದು. 2004ರ ಜೂನ್‌ನಿಂದ ಶುರುವಾಗುತ್ತೆ, ಯಾಕಂದ್ರೆ ಹೊಸ ಎಕ್ಸ್‌ಪಿಯಲ್ಲಿ ಇಳಿದವನ್ನೆಲ್ಲ ಆಮೇಲೆ ನಾನೇ ಒಂದೊಂದಾಗಿ ಅವರ ಜಿಮೇಲಿಗೆ ಕಳಿಸಿದ್ದೆ. ಅದಕ್ಕಿಂತ ಹಿಂದಿನದು ಇಲ್ಲ.