ಉಗಿಯಿಂದ ಮುಳ್ಳಿಗೆ: ಇಂಜಿನಿನ ಜ್ವರವನ್ನು ಅರಿತ ಬಗೆ

ಬಂಟ್ವಾಳದಿಂದ ಬೆಳ್ತಂಗಡಿ, ಉಜಿರೆಗಳನ್ನು ಹಾದು ಚಾರ್ಮಾಡಿ ಘಾಟಿಯನ್ನು ಹಳೆಯ ಮೋಟಾರಿನಲ್ಲಿ ಏರಿದವರಿಗೆ ಒಂದು ಅಂಜಿಕೆ ಚಿರಪರಿಚಿತವಾದುದು. ಕಣ್ಣು ಒಮ್ಮೆ ರಸ್ತೆಯ ತಿರುವಿನ ಮೇಲೆ, ಒಮ್ಮೆ ಎದುರಿನ ಫಲಕದಲ್ಲಿರುವ ಉಷ್ಣದ ಮುಳ್ಳಿನ ಮೇಲೆ. ಕೆಲವು ವರ್ಷಗಳ ಹಿಂದೆ ಸಂಸಾರಸಮೇತನಾಗಿ ಕೊಟ್ಟಿಗೆಹಾರದ ಕಡೆಗೆ ಹೊರಟಿದ್ದಾಗ ನನ್ನ ಹಳೆಯ ಕಾರಿನ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಸ್ವಲ್ಪ ಹೊತ್ತಿನಲ್ಲೇ ಸರ್ರನೆ ಕೆಳಗಿಳಿಯಿತು. ಇಂಜಿನ್ ತಣಿಯಿತೆಂದು ಸಂತೋಷಪಟ್ಟು ಮುಂದೆ ಸಾಗಿದೆ. ಎರಡು ತಿರುವು ಕಳೆಯುವಷ್ಟರಲ್ಲಿ ಬಂಡಿ ನಿಂತೇಬಿಟ್ಟಿತು. ಆ ಮುಳ್ಳು ಏಕೆ ಇಳಿಯಿತೆಂಬ ಪ್ರಶ್ನೆಯೇ ನನ್ನನ್ನು ಈ ಚರಿತ್ರೆಯ ಕಡೆಗೆ ತಿರುಗಿಸಿತು.

ಇಂಧನ ಉರಿದಾಗ ಹುಟ್ಟುವ ಶಾಖದ ಒಂದು ಪಾಲು ಮಾತ್ರ ಗಾಲಿಯನ್ನು ತಿರುಗಿಸುತ್ತದೆ. ಉಳಿದುದು ಹೊಗೆಯೊಡನೆ, ನೀರಿನೊಡನೆ ಹೊರಗೆ ಹೋಗಬೇಕು. ಕಾರ್ಲ್ ಬೆಂಜ್ 1886ರಲ್ಲಿ ಹಕ್ಕುಪತ್ರ ಪಡೆದ ಮೂರು ಗಾಲಿಯ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುವುದೇ ತಣಿಸುವ ಉಪಾಯವಾಗಿತ್ತು. 1888ರಲ್ಲಿ ಆತನ ಪತ್ನಿ ಬೆರ್ಥಾ ಇಬ್ಬರು ಮಕ್ಕಳೊಡನೆ ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು 100 ಕಿಲೋಮೀಟರ್ ಪ್ರಯಾಣ ಮಾಡಿದಾಗ ದಾರಿಯುದ್ದಕ್ಕೂ ನೀರು ತುಂಬಿಸುತ್ತ ಹೋಗಬೇಕಾಯಿತು. ಸುಮಾರು 1900ರಲ್ಲಿ ವಿಲ್‌ಹೆಲ್ಮ್ ಮೇಬಾಖ್ ಜೇನುಗೂಡಿನಂತಹ ರೇಡಿಯೇಟರನ್ನು ರೂಪಿಸಿದ ಮೇಲೆ ಅದೇ ನೀರು ಸುತ್ತಿ ಸುತ್ತಿ ತಣಿದು ಬರುವಂತಾಯಿತು. ನೀರಿನ ಖರ್ಚು ತಗ್ಗಿತು. ಆದರೆ ನೀರು ಕಣ್ಣಿಗೆ ಮರೆಯಾಯಿತು.

ನಮ್ಮ ಸೀಮೆಯಲ್ಲಿ 1914ರಲ್ಲಿ ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಹುಟ್ಟಿ ಮೋಟಾರು ಸಂಚಾರಕ್ಕೆ ಚಾಲನೆ ದೊರೆಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದಲ್ಲಿ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕ ಬಳಕೆಗೆ ಬಂದಿತು. ರೇಡಿಯೇಟರಿನ ಮುಚ್ಚಳದ ಮೇಲೆಯೇ ಅದು ನಿಲ್ಲುತ್ತಿತ್ತು. ಚಾಲಕ ಗಾಜಿನ ಮೂಲಕ ಅದನ್ನು ನೋಡುತ್ತಿದ್ದ. ಆಮೇಲೆ ಮಾಪಕ ಚಾಲಕನ ಎದುರಿನ ಫಲಕಕ್ಕೆ ಬಂದಿತು. ಮೊದಲು ಸಣ್ಣ ನಳಿಕೆಯೊಳಗಿನ ಆವಿಯ ಒತ್ತಡದಿಂದ ಮುಳ್ಳು ಸರಿಯುತ್ತಿತ್ತು, ಬಳಿಕ ವಿದ್ಯುತ್ತಿನಿಂದ. ಬಿಸಿಯೇರಿದಂತೆ ವಿದ್ಯುತ್ತಿಗೆ ತಡೆ ಕಡಿಮೆಯಾಗುವ ವಸ್ತುಗಳುಂಟೆಂದು ಮೈಕೆಲ್ ಫ್ಯಾರಡೆ 1833ರಲ್ಲೇ ಬೆಳ್ಳಿಯ ಸಲ್ಫೈಡಿನಲ್ಲಿ ಕಂಡಿದ್ದನು. ಇಂದಿನ ಸೆನ್ಸರಿನ ಗುಟ್ಟೂ ಇದೇ. ಧರ್ಮಸ್ಥಳದಲ್ಲಿರುವ ಹಳೆಯ ಕಾರುಗಳ ಸಂಗ್ರಹವನ್ನು ನೋಡಲು ಹೋದವರು ಬಣ್ಣ, ದೀಪಗಳ ಜೊತೆಗೆ ರೇಡಿಯೇಟರಿನ ಮುಚ್ಚಳವನ್ನೂ ಎದುರಿನ ಫಲಕವನ್ನೂ ಗಮನಿಸಿದರೆ ಈ ಕಥೆ ಇನ್ನಷ್ಟು ಮನಸ್ಸಿಗೆ ನಾಟೀತು.

ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಬೆರ್ಥಾ ಕಂಡ ಉಗಿ ಪ್ರತ್ಯಕ್ಷ. ನಮ್ಮ ಮುಳ್ಳು ಹೇಳುವುದು ಬರಿಯ ಶಬ್ದ. ಹೇಳುವವನು ಆಪ್ತನಾದರೆ ಮಾತ್ರ ಶಬ್ದ ಪ್ರಮಾಣವಾದೀತು. ಆದುದರಿಂದ ಮುಳ್ಳು ಏರಿದಾಗ ನೀರು ಕಾದಿದೆಯೋ, ದೂತನೇ ತಪ್ಪು ಹೇಳುತ್ತಿದ್ದಾನೋ ಎಂಬುದನ್ನು ಮೊದಲು ಪರಿಶೀಲಿಸಬೇಕು. ಸೆನ್ಸರಿಗೆ ಒಂದೇ ತಂತಿಯಿರುವ ಹಳೆಯ ವಾಹನದಲ್ಲಿ ಆ ತಂತಿಯನ್ನು ಕಳಚಿದರೆ ಮುಳ್ಳು ತಂಪಿನ ತುದಿಗೆ ಇಳಿಯಬೇಕು. ಕಳಚಿದ ತಂತಿಯನ್ನು ಇಂಜಿನಿನ ಲೋಹಕ್ಕೆ ಕ್ಷಣಮಾತ್ರ ತಾಗಿಸಿದರೆ ಬಿಸಿಯ ತುದಿಗೆ ಏರಬೇಕು. ಹಾಗಾದರೆ ಮುಳ್ಳೂ ತಂತಿಯೂ ಸರಿಯಾಗಿವೆ. ಸಂಶಯವೇನಿದ್ದರೂ ಸೆನ್ಸರಿನ ಮೇಲೆ. ಪೆಟ್ರೋಲಿನ ಮುಳ್ಳೂ ಉಷ್ಣದ ಮುಳ್ಳೂ ಒಟ್ಟಿಗೆ ಮೇಲೇರಿ ನಿಂತರೆ, ಕೆಲವು ಹಳೆಯ ಕಾರುಗಳಲ್ಲಿ ಎರಡಕ್ಕೂ ವಿದ್ಯುತ್ತನ್ನು ಹದಮಾಡಿ ಕೊಡುವ ಉಪಕರಣ ಕೆಟ್ಟಿದೆಯೆಂದು ತಿಳಿಯಬಹುದು. ದೂತ ಸತ್ಯವಂತನೆಂದು ಖಾತ್ರಿಯಾದ ಮೇಲೆಯೇ ಫ್ಯಾನ್ ಬೆಲ್ಟ್, ಥರ್ಮೋಸ್ಟಾಟ್, ಕಟ್ಟಿಕೊಂಡ ರೇಡಿಯೇಟರ್ ಇವುಗಳ ವಿಚಾರಣೆ.

ನನ್ನ ಬಂಡಿಯನ್ನು ಕೊನೆಗೆ ಮೂಡುಬಿದಿರೆಯ ಒಬ್ಬ ಮೆಕ್ಯಾನಿಕರ ಬಳಿಗೆ ಒಯ್ದೆ. ಅವರು ಸೀಳಿದ್ದ ಹೋಸ್ ಪೈಪನ್ನು ತೋರಿಸಿ, “ನೀರೇ ಇಲ್ಲದಿದ್ದರೆ ಮುಳ್ಳು ಏನು ಹೇಳುವುದು ಮಾಸ್ಟ್ರೇ?” ಎಂದರು. ವಿಷಯ ಇಷ್ಟೆ: ನೀರು ಸೋರಿ ಸೆನ್ಸರಿನ ಮಟ್ಟಕ್ಕಿಂತ ಕೆಳಗಿಳಿದಿತ್ತು. ಬಿಸಿನೀರಿನ ಸ್ಪರ್ಶ ತಪ್ಪಿದ ಸೆನ್ಸರು ತಂಪೆಂದು ವರದಿ ಮಾಡಿತ್ತು. ಅದೇ ಹೊತ್ತಿಗೆ ಇಂಜಿನ್ ಒಣಗಿ ಕಾಯುತ್ತಿತ್ತು. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ರಿಪೇರಿಗೆ ನನ್ನ ಒಂದು ತಿಂಗಳ ಸಂಬಳಕ್ಕಿಂತಲೂ ಹೆಚ್ಚು ಖರ್ಚಾಯಿತು.

ಕಂಪ್ಯೂಟರಿನಿಂದ ಪೆಟ್ರೋಲನ್ನು ಅಳೆದುಕೊಡುವ ಕಾರುಗಳಲ್ಲಿ ಸೆನ್ಸರಿನ ಸುಳ್ಳಿಗೆ ಮೋಸಹೋಗುವವರು ಇಬ್ಬರು. ಚಾಲಕನಂತೆ ಕಂಪ್ಯೂಟರೂ ಅದನ್ನು ನಂಬಿ, ಇಂಜಿನ್ ತಣ್ಣಗಿದೆಯೆಂದು ಎಣಿಸಿ ಹೆಚ್ಚು ಪೆಟ್ರೋಲನ್ನು ಸುರಿಯುತ್ತದೆ. ಕರಿಹೊಗೆ ಬರುತ್ತದೆ, ಮೈಲೇಜು ಕುಸಿಯುತ್ತದೆ. ಕೆಲವು ಕಾರುಗಳಲ್ಲಿ ಮುಳ್ಳಿಗೆ ಒಂದು, ಕಂಪ್ಯೂಟರಿಗೆ ಒಂದು ಎಂದು ಬೇರೆಬೇರೆ ಸೆನ್ಸರುಗಳಿರುವುದರಿಂದ, ಮುಳ್ಳು ಸರಿಯಾಗಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದು ಹೇಳುವಂತಿಲ್ಲ.

ಘಾಟಿಯಲ್ಲಿ ಮುಳ್ಳು ಕೆಂಪಿಗೇರಿದರೆ, ಅಥವಾ ಏರಿದ್ದು ಕಾರಣವಿಲ್ಲದೆ ಥಟ್ಟನೆ ಇಳಿದರೆ, ಬಂಡಿಯನ್ನು ಬದಿಗೆ ನಿಲ್ಲಿಸಿ ಇಂಜಿನನ್ನು ಆರಿಸಿರಿ. ಮುಚ್ಚಳಕ್ಕೆ ಕೂಡಲೇ ಕೈಹಾಕಬೇಡಿರಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ಸೆಲ್ಸಿಯಸನ್ನು ದಾಟಿಯೂ ಕುದಿಯದೆ ಇದ್ದು, ಮುಚ್ಚಳ ಸಡಿಲಿದೊಡನೆ ಉಕ್ಕಿ ಮೈಸುಡುತ್ತದೆ. ಕಾದ ಇಂಜಿನಿಗೆ ತಣ್ಣೀರು ಸುರಿಯುವುದೂ ಬೇಡ, ಲೋಹ ಬಿರಿದೀತು. ಚೆನ್ನಾಗಿ ಆರಿದ ಮೇಲೆ ನೀರಿನ ಮಟ್ಟವನ್ನು ನಿಮ್ಮ ಕಣ್ಣಿನಿಂದಲೇ ನೋಡಿರಿ. ನಾನಂತೂ ಈಗ ಉಜಿರೆಯಲ್ಲಿ ಕಾಫಿಗೆ ಇಳಿಯುವ ಮುನ್ನ ಬಂಡಿಯ ಕೆಳಗೆ ಬಗ್ಗಿ, ನೀರು ತೊಟ್ಟಿಕ್ಕುತ್ತಿದೆಯೇ ಎಂದು ನೋಡುವುದನ್ನು ರೂಢಿಮಾಡಿಕೊಂಡಿದ್ದೇನೆ.