ಗೋಧಿ ಮತ್ತು ಥೈರಾಯ್ಡ್: ಎರಡು ಕಾಯಿಲೆಗಳು ಸಂಧಿಸಿದ ಕಥೆ

1912ರಲ್ಲಿ ಜಪಾನಿನ ಶಸ್ತ್ರವೈದ್ಯ ಹಕಾರು ಹಶಿಮೊಟೊ ನಾಲ್ವರು ಮಹಿಳೆಯರ ಊದಿದ ಥೈರಾಯ್ಡ್ ಗ್ರಂಥಿಗಳಲ್ಲಿ ಬಿಳಿ ರಕ್ತಕಣಗಳು ಕಿಕ್ಕಿರಿದಿದ್ದುದನ್ನು ಜರ್ಮನ್ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಕಾರಣ ಹೊಳೆದದ್ದು 1956ರಲ್ಲಿ. ಲಂಡನ್ನಿನ ಸಂಶೋಧಕರು ಇಂಥ ರೋಗಿಗಳ ರಕ್ತದಲ್ಲಿ ಥೈರಾಯ್ಡಿನ ಪ್ರೋಟೀನನ್ನೇ ಗುರಿಯಾಗಿಸಿದ ಪ್ರತಿಕಾಯಗಳನ್ನು ಕಂಡರು. ದೇಹ ತನ್ನ ಅಂಗವನ್ನೇ ಹಗೆಯೆಂದು ಬಗೆದಿತ್ತು.

ಗೋಧಿಯಲ್ಲಿರುವ ಪ್ರೋಟೀನಾದ ಗ್ಲುಟೆನ್‌ನ ಕಥೆ ಯುರೋಪಿನದು. ಕರುಳನ್ನು ಕೆಡಿಸುವ ಸೀಲಿಯಾಕ್ ಕಾಯಿಲೆಯ ಮಕ್ಕಳನ್ನು ಕಾಡುವುದು ಗೋಧಿಯೇ ಎಂದು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು.

ಮುಂದೆ ಎರಡೂ ದಾರಿ ಕೂಡಿದವು. ಸೀಲಿಯಾಕ್ ಇರುವವರಲ್ಲಿ ಹಶಿಮೊಟೊ ಗುರುತಿಸಿದ ಥೈರಾಯ್ಡ್ ಕಾಯಿಲೆ ಉಳಿದವರಿಗಿಂತ ಹೆಚ್ಚು. ಕರುಳು ಕೆಟ್ಟರೆ ಥೈರಾಯ್ಡ್ ರೋಗಿಗಳು ನುಂಗುವ ಥೈರಾಕ್ಸಿನ್ ಮಾತ್ರೆಯೂ ಸರಿಯಾಗಿ ರಕ್ತಕ್ಕೆ ಸೇರದು. ಆದರೆ ಸೀಲಿಯಾಕ್ ಇಲ್ಲದವರು ಚಪಾತಿ ಬಿಟ್ಟರೆ ಥೈರಾಯ್ಡ್ ಗುಣವಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಸೀಲಿಯಾಕ್ ಅನುಮಾನವಿದ್ದರೆ ಮೊದಲು ರಕ್ತಪರೀಕ್ಷೆ ಆಗಬೇಕು. ಅದಕ್ಕೂ ಮುಂಚೆ ಗೋಧಿ ಬಿಟ್ಟರೆ ಕಾಯಿಲೆ ಪತ್ತೆಯಾಗದೇ ಹೋಗಬಹುದು.